ಮಾಗಡಿ ರಸ್ತೆಯ ಉಕ್ಕು, ಲಂಡನ್ನಿನ ಹರಾಜು

ಆಯುಧಪೂಜೆಯ ದಿನ ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಅರಿಸಿನ ಕುಂಕುಮ ಬೀಳುವುದು ಲೇತ್ ಮಷೀನಿಗೆ, ಸ್ಪ್ಯಾನರಿಗೆ, ಗೇಟಿನಾಚೆ ನಿಂತ ಟೆಂಪೋಗೆ. ಹಾಗೆಂದು ಕತ್ತಿಗಳು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಾಗಡಿ, ಕುಣಿಗಲ್, ಮಂಡ್ಯದ ಕಡೆಯಿಂದ ಬಂದು ವಿಜಯನಗರ, ಬಸವೇಶ್ವರನಗರಗಳಲ್ಲಿ ಸೈಟು ಕೊಂಡು ನೆಲೆಸಿದ ಕೆಲವರ ದೇವರ ಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿಟ್ಟ ಖಡ್ಗವೊಂದು ಇರುತ್ತದೆ. ವೀರಭದ್ರನದು ಎನ್ನುತ್ತಾರೆ, ಮುತ್ತಜ್ಜನದು ಎನ್ನುತ್ತಾರೆ. ಅವರನ್ನು ಸಂಗ್ರಾಹಕರೆಂದು ಕರೆದರೆ ನಕ್ಕುಬಿಟ್ಟಾರು. ಆದರೂ ನಮ್ಮಲ್ಲಿ ಆಯುಧ ಕೂಡಿಡುವ ಕತೆ ಇಂಥ ಮನೆಗಳಿಂದಲೇ ಶುರುವಾಗಬೇಕು.

ಏಕೆಂದರೆ ಇಲ್ಲಿ ಕತ್ತಿ ಮೊದಲು ಉಳಿದದ್ದು ಪೂಜೆಗಾಗಿ. ಬೆಂಗಳೂರು ಕರಗದ ವೀರಕುಮಾರರ ಕೈಯಲ್ಲಿ, ತುಳುನಾಡಿನ ದೈವಸ್ಥಾನದ ಕಡ್ತಲೆಯಲ್ಲಿ, ಕೊಡವರ ಸೊಂಟದ ಹಿಂದೆ ತೋಡಂಗಿಗೆ ಸಿಕ್ಕಿಸಿದ ಒಡಿಕತ್ತಿಯಲ್ಲಿ ಅದು ವರ್ಷಕ್ಕೊಮ್ಮೆಯಾದರೂ ಹೊರಬರುತ್ತದೆ. ಕೊಡವರ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೂ ಹೂ ಮುಡಿಸುತ್ತಾರೆ. ಮೈಸೂರು ಅರಮನೆಯಲ್ಲಂತೂ 2014ರ ನವರಾತ್ರಿಗೆ ದರ್ಬಾರು ನಡೆಸಲು ಅರಸರೇ ಇಲ್ಲದಾಗ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟರು. ಇವರಾರಿಗೂ ಕತ್ತಿಯ ವಯಸ್ಸು ಮುಖ್ಯವಲ್ಲ. ಅಲಗು ಮುರಿದರೆ ಹೊಸದು ಹಾಕಿಸುತ್ತಾರೆ. ಕತ್ತಿ ಮಾತ್ರ ಅದೇ.

ಎರಡನೆಯ ಘಟ್ಟ ಲೂಟಿಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಕತ್ತಿ, ಬಂದೂಕುಗಳು ಗೆದ್ದವರಿಗೆ ಹಂಚಿಹೋದವು. ಮುತ್ತಿಗೆಯ ಮುಂದಾಳು ಡೇವಿಡ್ ಬೇರ್ಡ್‌ಗೆ ಸಿಕ್ಕಿದ್ದು ಸುಲ್ತಾನನ ಶಯನಗೃಹದ ಖಡ್ಗ. ಕಪ್ಪಕಾಣಿಕೆಯಲ್ಲ, ಗೆಲುವಿನ ಗುರುತು. ಅರ್ಧ ಶತಮಾನದ ನಂತರ ಕಂಪನಿ ಸರ್ಕಾರ ಊರೂರಿನ ಆಯುಧಗಳಿಗೇ ಕೈಹಾಕಿತು. ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ತಿರುಗಿಬಿದ್ದರು, ಹಲವರು ಗಲ್ಲಿಗೇರಿದರು. ಇತ್ತ ಎಷ್ಟೋ ಮನೆಗಳ ಕತ್ತಿಗಳು ಸರ್ಕಾರದ ಪಾಲಾಗಿದ್ದರೆ ಅತ್ತ 1880ರಲ್ಲಿ ಲಾರ್ಡ್ ಎಗರ್ಟನ್ ಭಾರತೀಯ ಆಯುಧಗಳ ಸಚಿತ್ರ ಕೈಪಿಡಿ ಹೊರತಂದ. ಆಯುಧ ಸಂಗ್ರಹವನ್ನು ಒಂದು ವಿದ್ಯೆಯಾಗಿ ನಿಲ್ಲಿಸಿದ ಪುಸ್ತಕಗಳಲ್ಲಿ ಅದೊಂದು. ಆ ವಿದ್ಯೆಯ ಅಡಿಪಾಯ ಏನೆಂಬುದನ್ನು ಮರೆಯುವ ಹಾಗಿಲ್ಲ.

ನಮ್ಮವರ ಸರದಿ ಬಂದದ್ದು ತಡವಾಗಿ. ಜಿ.ಎನ್. ಪಂತ್ ಅವರು 1970ರ ದಶಕದ ಕೊನೆಯಿಂದ ಭಾರತೀಯ ಆಯುಧಗಳ ಮೇಲೆ ಸಂಪುಟಗಳನ್ನು ತಂದರು. 2004ರಲ್ಲಿ ರಾಬರ್ಟ್ ಎಲ್ಗುಡ್ ದಕ್ಷಿಣ ಭಾರತದ ಆಯುಧಗಳನ್ನೂ ಅವುಗಳ ಪೂಜಾಚರಣೆಯನ್ನೂ ಜೊತೆಗಿಟ್ಟು ಬರೆದದ್ದು ನನಗೆ ಹೆಚ್ಚು ಮೆಚ್ಚುಗೆಯಾದ ಕೆಲಸ. ಹೀಗೆ ಹತ್ತಿರದಿಂದ ನೋಡಿದರೆ ದಖನ್ನಿನ ಎಷ್ಟೋ ಕತ್ತಿಗಳಿಗೆ ಹಿಡಿ ಇಲ್ಲಿಯದು, ಅಲಗು ಯೂರೋಪಿನದು. ಅವಕ್ಕೆ ಫಿರಂಗಿ ಎಂದೇ ಹೆಸರು. ಬೇರ್ಡ್‌ಗೆ ಸಿಕ್ಕ ಖಡ್ಗದ ಅಲಗು ಕೂಡ ಜರ್ಮನ್ ಅಲಗುಗಳ ಮಾದರಿಯಲ್ಲಿ ಮಾಡಿದ್ದು ಎನ್ನುತ್ತಾರೆ. ‘ಅಪ್ಪಟ ದೇಶಿ’ ಖಡ್ಗ ಹುಡುಕುವವರಿಗೆ ಇದು ಇರಿಸುಮುರಿಸು.

ಆಮೇಲಿನದು ದುಡ್ಡಿನ ಕಾಲ. 2003ರಲ್ಲಿ ವಿಜಯ್ ಮಲ್ಯ ಲಂಡನ್ನಿನಲ್ಲಿ ಟಿಪ್ಪುವಿನ ಕತ್ತಿಯೊಂದನ್ನು ಕೊಂಡ ಸುದ್ದಿ ಹೊರಬಿದ್ದಾಗ ಇಡೀ ನಾಡು ಸಂಭ್ರಮಿಸಿತು. ಮನೆಯವರು ಅಪಶಕುನ ಎಂದದ್ದರಿಂದ 2016ರಲ್ಲಿ ಅದನ್ನು ಕೊಟ್ಟುಬಿಟ್ಟೆ ಎಂದು ಅವರು ಮುಂದೆ ಲಂಡನ್ ನ್ಯಾಯಾಲಯಕ್ಕೆ ಹೇಳಿದ್ದು ವರದಿಯಾಯಿತು. 2015ರಲ್ಲಿ ರಾಬಿನ್ ವಿಗಿಂಗ್ಟನ್ ಸಂಗ್ರಹದ 30 ವಸ್ತುಗಳು ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 60 ಲಕ್ಷ ಪೌಂಡಿಗೂ ಮೀರಿ ಹೋದವು. 2023ರ ಮೇ 23ರಂದು ಆ ಶಯನಗೃಹದ ಖಡ್ಗವೊಂದಕ್ಕೇ 1.4 ಕೋಟಿ ಪೌಂಡ್, ಅಂದರೆ ಸುಮಾರು 140 ಕೋಟಿ ರೂಪಾಯಿ. ಕೊಂಡವರು ಉಕ್ಕಿಗೆ ಕೊಟ್ಟ ಬೆಲೆಯಲ್ಲ ಇದು, ಹೆಸರಿಗೆ ಕೊಟ್ಟದ್ದು. ಅದೇ ಕಾರಣಕ್ಕೆ ಅಲಗಿನ ಮೇಲೆ ಹುಲಿಪಟ್ಟೆ ಕೊರೆಸಿ ಟಿಪ್ಪುವಿನದೆಂದು ದಾಟಿಸಲು ನೋಡುವವರೂ ಇದ್ದಾರೆ.

ಉಕ್ಕಿನ ಮಾತು ಬಂದರೆ ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೇ ಹೋಗಬೇಕು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಸುತ್ತ ಕಬ್ಬಿಣದ ಕುಲುಮೆಗಳನ್ನು ಕಂಡ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ಬಗೆಯನ್ನೂ ಬರೆದಿಟ್ಟ: ಸುಡದ ಮಣ್ಣಿನ ಪುಟ್ಟ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಮೇಲೆರಡು ಹಸಿರೆಲೆ. ಬಾಯಿ ಮುಚ್ಚಿ ಕುಲುಮೆಗಿಟ್ಟರೆ ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತಿತ್ತು. ಮೈಕೆಲ್ ಫ್ಯಾರಡೆ 1819ರಲ್ಲಿ ತಲೆ ಕೆಡಿಸಿಕೊಂಡದ್ದು ಇಂಥ ಭಾರತೀಯ ಉಕ್ಕಿನ ಗುಟ್ಟಿಗೆ. ಬೆಂಗಳೂರಿನವರೇ ಆದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ಪುಸ್ತಕವನ್ನೇ ಬರೆದರು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಒಡೆದ ಮೂಸೆಗಳು ಸಿಕ್ಕಿವೆ. ಆದರೆ ಮೂಸೆಯ ಚೂರನ್ನು ಯಾವ ಶ್ರೀಮಂತ ಹರಾಜಿನಲ್ಲಿ ಕೊಳ್ಳುತ್ತಾನೆ? ಬಂಗಾರದ ಹಿಡಿ ಉಳಿಯಿತು, ಕಮ್ಮಾರನ ಕೈಗುಣಕ್ಕೆ ಗಿರಾಕಿ ಇಲ್ಲ. ಈ ಕ್ಷೇತ್ರದ ದೊಡ್ಡ ಲೋಪ ಇದೇ ಎಂದು ನನ್ನೆಣಿಕೆ.

ಮನೆಗಳಲ್ಲೂ ಇದೇ ಪಾಡು. ಹಬ್ಬ ಬಂತೆಂದು ಹುಣಸೆಹಣ್ಣು ಹಚ್ಚಿ, ಉಪ್ಪುಕಾಗದದಿಂದ ಉಜ್ಜಿ ಅಲಗು ಫಳಫಳಿಸುವ ಹಾಗೆ ಮಾಡುತ್ತಾರೆ. ಒಳ್ಳೆಯ ಉಕ್ಕಿನ ಮೇಲೆ ನೀರಿನಲೆಯಂತೆ ಕಾಣುವ ಸಣ್ಣ ಗೆರೆಗಳು ಅಲ್ಲಿಗೆ ಅಳಿಸಿಹೋದವು. ಒರೆಯ ಮರ, ಚರ್ಮ ಹಳತಾಯಿತೆಂದು ಎಸೆದುಬಿಡುತ್ತಾರೆ. ತೆಳುವಾಗಿ ಎಣ್ಣೆ ಒರೆಸಿಟ್ಟರೆ ಸಾಕಿತ್ತು.

ಹೆಸರಿನ ಮೋಹವಿಲ್ಲದ ಒಂದು ಸಂಗ್ರಹ ಕೈಗೆ ಬಂದದ್ದು 2018ರ ಜುಲೈನಲ್ಲಿ. ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಚಂದವೇನಿಲ್ಲ. ಇಷ್ಟೊಂದು ಒಂದೇ ಕಡೆ ಸಿಕ್ಕಿದ್ದರಿಂದ ಅಳತೆ, ತೂಕ, ಮದ್ದು ಎಲ್ಲವನ್ನೂ ಹೋಲಿಸಿ ನೋಡಬಹುದು; ಒಂಟಿ ರಾಜಖಡ್ಗದಿಂದ ಅದು ಆಗದು. ಅವನ್ನು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು.

ಲಂಡನ್ನಿನ ಸುದ್ದಿ ಓದಿ ತಮ್ಮ ಮನೆಯ ಕತ್ತಿಗೆಷ್ಟು ಬಂದೀತು ಎಂದು ಲೆಕ್ಕ ಹಾಕುವವರು ಕಾನೂನನ್ನೂ ನೋಡಿಕೊಳ್ಳಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಗನ ಸೂಟ್‌ಕೇಸೂ ಇದಕ್ಕೆ ಹೊರತಲ್ಲ. ವ್ಯಾಪಾರಕ್ಕೆ ಪರವಾನಗಿ ಬೇಕು. ಅಟ್ಟದಲ್ಲಿ ಅಜ್ಜನ ಕೋವಿ ಸಿಕ್ಕರೆ ಬೇರೆ ಲೆಕ್ಕ: ರಿಪೇರಿ ಮಾಡಿದರೂ ಸಿಡಿಯಲಾರದ ಹಳೆಯ ಮಾದರಿಗೆ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮಿನಲ್ಲಿ ವಿನಾಯಿತಿಯಿದೆ. ಸಿಡಿಯುವಂಥದ್ದಾದರೆ ಗೋಡೆಗೆ ತೂಗುಹಾಕುವ ಮೊದಲು ಠಾಣೆಗೆ ಹೋಗಿ ತಿಳಿಸುವುದೇ ಮೇಲು.