ಉಬ್ಬಸದ ಮನುಷ್ಯ ಮತ್ತು ಅಂಗೈಯಗಲದ ಕ್ಯಾಮೆರಾ

ಪ್ರವಾಸದಲ್ಲಿ ಕಣ್ಣಿಗೆ ಬಿದ್ದದ್ದನ್ನು ಥಟ್ಟನೆ ಫೋಟೋ ತೆಗೆಯುವುದು ಇಂದು ನಮಗೆಲ್ಲ ಉಸಿರಾಟದಷ್ಟು ಸಹಜವಾಗಿದೆ. ಈ ಸೌಕರ್ಯದ ಹಿಂದೆ ಉಸಿರಾಟವೇ ಕಷ್ಟವಾಗಿದ್ದ ಒಬ್ಬ ಮನುಷ್ಯನಿದ್ದಾನೆ ಎಂಬುದು ಹಲವರಿಗೆ ತಿಳಿದಿರಲಾರದು. ವೈದ್ಯವೃತ್ತಿಯವರಾದ ನಮಗೆ ಈ ಇತಿಹಾಸ ವಿಶೇಷವಾಗಿ ಹಿಡಿಸಿದ್ದರಿಂದ ಓದುಗ ಮಿತ್ರರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಕ್ಯಾಮೆರಾ ಹುಟ್ಟಿದ ಕಾಲಕ್ಕೆ ಅದಕ್ಕೆ ಓಡಾಡುವ ಮನುಷ್ಯ ಕಾಣುತ್ತಲೇ ಇರಲಿಲ್ಲ. 1838ರಲ್ಲಿ ದಗೇರ್ ಎಂಬ ಫ್ರೆಂಚ್ ಕಲಾವಿದ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಫಲಕದ ಮೇಲೆ ಬೆಳಕು ಮೂಡಲು ಹಲವು ನಿಮಿಷಗಳೇ ಬೇಕಿದ್ದುದರಿಂದ ಬೀದಿಯ ಗಾಡಿ, ಕುದುರೆ, ಜನ ಎಲ್ಲರೂ ಮಾಯ! ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಅಲುಗಾಡದೆ ನಿಂತಿದ್ದ ಒಬ್ಬಾತ ಮಾತ್ರ ಉಳಿದುಕೊಂಡ.

ಮುಂದೆ 1863ರಿಂದ 1870ರವರೆಗೆ ಭಾರತದಲ್ಲಿದ್ದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕ ಹಿಮಾಲಯಕ್ಕೆ ಹೊರಟರೆ ಗಾಜಿನ ಫಲಕ, ರಾಸಾಯನಿಕಗಳ ಸೀಸೆ, ಕತ್ತಲೆ ಡೇರೆ ಇವನ್ನೆಲ್ಲ ಹೊರಲು ಹತ್ತಾರು ಕೂಲಿಗಳು ಬೇಕಾಗುತ್ತಿದ್ದರು. ಸ್ಥಳದಲ್ಲೇ ಗಾಜಿಗೆ ದ್ರಾವಣ ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಿತ್ತು. ಇಂಥ ಮೆರವಣಿಗೆ ಊರೊಳಗೆ ಬಂದರೆ ಬಾವಿಯಲ್ಲಿ ನೀರು ಸೇದುವವರು ನೀರು ಸೇದುತ್ತಲೇ ಇರುತ್ತಾರೆಯೇ? ಹಗ್ಗ ಬಿಟ್ಟು ನೋಡಲು ಬರುತ್ತಾರೆ. 1888ರಲ್ಲಿ ಈಸ್ಟ್‌ಮನ್ನನ ಕೊಡಕ್ ಬಂತು. ಬೆಲೆ 25 ಡಾಲರ್, ಒಳಗೆ 100 ಚಿತ್ರಗಳ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದು ಫೋಟೋ ಮನೆಮಾತಾಯಿತು.

ಇನ್ನು ನಮ್ಮ ಉಬ್ಬಸದ ಮನುಷ್ಯ. ಮೆಡಿಕಲ್ ಕಾಲೇಜಿನಲ್ಲಿ ಓದಿದ ನಮಗೆ ಲೈಟ್ಸ್ ಎಂದರೆ ಮೈಕ್ರೋಸ್ಕೋಪು. ಜರ್ಮನಿಯ ವೆಟ್ಸ್‌ಲಾರ್ ಊರಿನ ಆ ಕಾರ್ಖಾನೆಗೆ 1911ರಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿ ಸೇರಿದ. ಬೆಟ್ಟ ಗುಡ್ಡ ಸುತ್ತಿ ಫೋಟೋ ತೆಗೆಯುವ ಹುಚ್ಚು ಅವನಿಗೆ. ಆದರೆ ಆಸ್ತಮಾ ಇದ್ದ ಎದೆಗೆ ಆ ದೊಡ್ಡ ಕ್ಯಾಮೆರಾ, ಫಲಕಗಳ ಭಾರ ತಡೆಯಲಾಗುತ್ತಿರಲಿಲ್ಲ. ಇನ್‌ಹೇಲರ್ ಇಲ್ಲದ ಕಾಲವದು. ಆತ ಹೊರೆಯನ್ನೇ ಇಳಿಸಿದ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಚಿಕ್ಕ ಚಿತ್ರ ತೆಗೆದು, ಆಮೇಲೆ ಅದನ್ನು ದೊಡ್ಡದು ಮಾಡಿಕೊಳ್ಳುವ ಉಪಾಯ. 1914ರ ಹೊತ್ತಿಗೆ ಮಾದರಿ ಸಿದ್ಧವಾಗಿತ್ತು. ಮಹಾಯುದ್ಧ ಅಡ್ಡ ಬಂದು, 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ‘ಲೈಕಾ’ ಎಂಬ ಹೆಸರಿನಿಂದ ಹೊರಬಂತು. ಕೋಟಿನ ಜೇಬಿನಲ್ಲಿ ಕ್ಯಾಮೆರಾ! ಬೀದಿಯ ಜನ ತಿರುಗಿ ನೋಡುವ ಮೊದಲೇ ಚಿತ್ರ ಮುಗಿದಿರುತ್ತಿತ್ತು.

ಈ ಪೆಟ್ಟಿಗೆಗೆ ತಕ್ಕ ಕಣ್ಣು ಸಿಕ್ಕಿದ್ದು ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೋನ್ (1908–2004) ಅವರಲ್ಲಿ. ಇಲ್ಲಿಯೂ ಒಂದು ಕಾಯಿಲೆ ಬರುತ್ತದೆ ನೋಡಿ! ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ ಆಫ್ರಿಕಾದ ಐವರಿ ಕೋಸ್ಟ್‌ಗೆ ಹೋಗಿ ಬ್ಲ್ಯಾಕ್‌ವಾಟರ್ ಜ್ವರಕ್ಕೆ ಸಿಕ್ಕರು. ಇದು ಮಲೇರಿಯಾದ ಭೀಕರ ರೂಪ. ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುತ್ತದೆ. ಆ ದಿನಗಳಲ್ಲಿ ಬದುಕಿ ಬಂದವನೇ ಭಾಗ್ಯವಂತ. ತಮ್ಮ ಅಂತ್ಯಸಂಸ್ಕಾರ ಹೇಗೆ ನಡೆಯಬೇಕೆಂದು ಅವರು ತಾತನಿಗೆ ಕಾರ್ಡು ಬರೆದರಂತೆ. ಅದು ದುಬಾರಿಯಾಗುತ್ತದೆ, ಮೊದಲು ಊರಿಗೆ ಬಾ ಎಂದು ಮನೆಯಿಂದ ಉತ್ತರ ಬಂತಂತೆ! ಚೇತರಿಸಿಕೊಂಡು 1932ರಲ್ಲಿ ಲೈಕಾ ಕೊಂಡರು. ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತಿದರು, ಫ್ಲಾಶ್ ಮುಟ್ಟಲಿಲ್ಲ.

1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರು ‘ನಿರ್ಣಾಯಕ ಕ್ಷಣ’ ಎಂಬ ಅರ್ಥದ್ದು. ಫ್ರೆಂಚ್ ಮೂಲದಲ್ಲಿರುವ ಮಾತೇ ಬೇರೆ. ಲೈಸೆನ್ಸ್ ಇಲ್ಲದ ಬೀದಿ ವ್ಯಾಪಾರಿ ಪೊಲೀಸರನ್ನು ಕಂಡರೆ ಓಡಲು ತಯಾರಾಗಿ ವ್ಯಾಪಾರ ಮಾಡುತ್ತಾನಲ್ಲ, ಆ ಅವಸರದ ಮಾತು. ನಮ್ಮ ಮೆಜೆಸ್ಟಿಕ್ಕಿನ ಫುಟ್‌ಪಾತ್ ನೋಡಿದವರಿಗೆ ವಿವರಣೆ ಬೇಕಿಲ್ಲ.

1947ರಲ್ಲಿ ಭಾರತಕ್ಕೆ ಬಂದ ಅವರು ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿ, ಜಡತೆ ನಿರಾಶೆಗಳನ್ನು ಕೊಡವಿಕೊಳ್ಳಲು ವ್ಯಾಯಾಮ ಮಾಡುತ್ತಿದ್ದ ಗಂಡಸರ ಚಿತ್ರ ತೆಗೆದರು. 1948ರ ಜನವರಿ 30ರಂದು ಗಾಂಧೀಜಿಯವರನ್ನು ಭೇಟಿಯಾಗಿ ಬಂದ ಸ್ವಲ್ಪ ಹೊತ್ತಿನಲ್ಲೇ ಗುಂಡಿನ ಸುದ್ದಿ ಬಂತು. ಅನಂತರದ ದಿನಗಳ ಅವರ ಚಿತ್ರಗಳಲ್ಲಿ ದೊಡ್ಡವರಷ್ಟೇ ಮುಖ್ಯವಾಗಿ ಹೆಸರಿಲ್ಲದ ಜನರ ದುಃಖವಿದೆ.

ಅದೇ 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಆರಂಭವಾದಾಗ ಅಲ್ಲಿಗೆ ಸೇರಿದವರು ಮೈಸೂರಿನ ಟಿ. ಎಸ್. ಸತ್ಯನ್ (1923–2009). ಅವರ ಕ್ಯಾಮೆರಾ ಹುಡುಕಿದ್ದು ಸಾಮಾನ್ಯರನ್ನೇ, ಅದರಲ್ಲೂ ಮಕ್ಕಳನ್ನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ‘ಕಾಲಕ್ಕೆ ಕನ್ನಡಿ’ ಎಂದು ಅವರು ತಮ್ಮ ನೆನಪುಗಳಿಗೆ ಕೊಟ್ಟ ಹೆಸರು ಈ ಕಲೆಗೇ ಒಪ್ಪುವಂಥದು.

ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡದು. ರೋಗಿಯ ಕಾಲಿನ ಹುಣ್ಣಿನ ಫೋಟೋ ತೆಗೆಯಲೂ ನಾವು ವೈದ್ಯರು ಸಹಿ ಪಡೆಯಬೇಕು. ಬೀದಿಯಲ್ಲಿ ಕಂಡವರ ಮುಖಕ್ಕೆ ಯಾರ ಅಪ್ಪಣೆ? ಕೇಳಿದರೆ ಆ ಕ್ಷಣ ಹೋಯಿತು, ಕೇಳದಿದ್ದರೆ ಮರ್ಯಾದೆ ಹೋಯಿತು. ಸ್ವತಃ ಕಾರ್ಟಿಯೆ-ಬ್ರೆಸೋನ್ ಅವರೇ ತಮ್ಮ ಫೋಟೋ ತೆಗೆಸಿಕೊಳ್ಳಲು ಒಪ್ಪುತ್ತಿರಲಿಲ್ಲ! ಊರಿಗೆ ಹೋದ ನಾವು ಗುಡಿಸಲಿನ ಮುಂದೆ ಕೂತ ಮುದುಕನನ್ನು ದೂರದಿಂದ ಕ್ಲಿಕ್ಕಿಸಿ ಇಲ್ಲಿ ತೋರಿಸುವಾಗ, ಆತನಿಗೂ ಒಂದು ಹೆಸರಿದೆ ಎಂಬುದು ನೆನಪಿರಬೇಕು. ನಮ್ಮ ಅಮ್ಮನನ್ನು ಯಾರಾದರೂ ಹಾಗೆ ತೆಗೆದರೆ ನಾವು ಸುಮ್ಮನಿರುತ್ತೇವೆಯೇ?

ಹಾಗೆಂದು ಬರೀ ಅರಮನೆ, ಗೋಪುರಗಳ ಮುಂದೆ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರಗಳಷ್ಟೇ ಉಳಿದರೆ ನಾವು ಬಿಟ್ಟುಬಂದ ಬದುಕು ಹೇಗಿತ್ತೆಂದು ಮಕ್ಕಳಿಗೆ ತೋರಿಸುವುದು ಯಾವುದನ್ನು? ಒರಳುಕಲ್ಲು ಆಗಲೇ ಹಿತ್ತಲು ಸೇರಿದೆ. ಓದುಗರಲ್ಲಿ ನಮ್ಮ ಸಲಹೆ ಇಷ್ಟೇ. ಮುಂದಿನ ಸಲ ಹೋದಾಗ ಅಮ್ಮ ಅಕ್ಕಿ ಆರಿಸುವುದನ್ನು, ಮೊಳ ಹಾಕಿ ಹೂ ಮಾರುವವರ ಕೈಯನ್ನು ತೆಗೆಯಿರಿ. ತೆಗೆದ ಮೇಲಾದರೂ ತೋರಿಸಿ, ಬೇಡವೆಂದರೆ ಅಳಿಸಿ. ಹೆಸರು, ಊರು, ಇಸವಿ ಬರೆದಿಡಿ. ಅಜ್ಜಿ “ತಾಳಪ್ಪ, ಒಳ್ಳೆ ಸೀರೆ ಉಟ್ಟು ಬರ್ತೀನಿ” ಎಂದರೆ ಉಟ್ಟು ಬರಲಿ, ಕಾಯಿರಿ. ಆ ಚಿತ್ರ ಅವರಿಗೆ ಕೊಡಿ.