ಹೆದರಿಕೆಗೆ ಕಟ್ಟಿದ ದಾರ

ಏಕಾಏಕಿ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಕೈಕಾಲು ತಣ್ಣಗಾಗಿ ಈಗಲೇ ಜೀವ ಹೋಯಿತು ಎನಿಸುವುದು: ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹಳಬರು ಇದಕ್ಕೆ ಇಟ್ಟ ಹೆಸರು ಹೆದರಿಕೆ. ಗಾಳಿ ಸೋಕಿದೆ, ದೃಷ್ಟಿ ತಾಗಿದೆ ಎಂಬುದು ಅವರು ಕಂಡುಕೊಂಡ ಕಾರಣ. ಉಪ್ಪು, ಮೆಣಸಿನಕಾಯಿ, ಸಾಸಿವೆ ನಿವಾಳಿಸಿ ಒಲೆಗೆ ಹಾಕುವುದು ಮೊದಲ ಮದ್ದು. ಅದಕ್ಕೂ ಇಳಿಯದಿದ್ದರೆ ಮಂತ್ರಿಸಿದ ದಾರ, ಇಡಗುಂಜಿ ಗಣಪತಿಗೆ ಹರಕೆ. ಮುಸ್ಲಿಮರ ಮನೆಗಳಲ್ಲಿ ಕುರಾನಿನ ವಾಕ್ಯ ಓದಿ ಊದಿದ ನೀರು.

ಇವುಗಳಿಂದ ಹಲವರಿಗೆ ಸಮಾಧಾನ ಸಿಕ್ಕಿದ್ದು ಸುಳ್ಳಲ್ಲ. ಗಾಬರಿಯ ಅಲೆ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಬೆನ್ನು ಸವರುವ ಅಜ್ಜಿಯ ಕೈಯೇ ದೊಡ್ಡ ಆಸರೆ. ಕೀರ್ತಿ ಮಾತ್ರ ದಾರಕ್ಕೆ ಹೋಯಿತು. ಗಾಬರಿ ಮತ್ತೆ ಮತ್ತೆ ಬಂದಾಗ ದಾರದ ಮೇಲೆ ದಾರ ಕಟ್ಟುತ್ತ ವರ್ಷಗಳು ಕಳೆದುಹೋದದ್ದು ಈ ಪದ್ಧತಿಯ ದೊಡ್ಡ ನಷ್ಟ.

ಆಗಿನ ಸರ್ಕಾರದ ಕಣ್ಣಿಗೆ ಬಿದ್ದದ್ದು ಹೆದರಿಕೆಯಲ್ಲ, ಹುಚ್ಚು ಮಾತ್ರ. ಧಾರವಾಡದ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬಯಿಗೆ ಸೇರಿ, ಧಾರವಾಡದೊಂದಿಗೆ ಒಂದೇ ಆಡಳಿತದಡಿ ಬಂತು. ಕರಾವಳಿಯವರಿಗೆ ಧಾರವಾಡ ಹೊಳೆಯ ತಾರಿ ದಾಟಿ, ಘಟ್ಟ ಹತ್ತಿ ಹೋಗಬೇಕಾದ ಊರು. 1912ರ ಕಾಯ್ದೆಯೂ ಹುಚ್ಚರ ಸೇರ್ಪಡೆ, ಬಂಧನ, ಆಸ್ತಿಯ ಕಾಯ್ದೆಯೇ. ದಿನವೂ ಬಲೆ ಎಳೆದು, ಗದ್ದೆ ನೆಟ್ಟು, ರಾತ್ರಿ ಮಾತ್ರ ನಡುಗುವವರಿಗೆ ಅದರಲ್ಲಿ ಜಾಗವಿರಲಿಲ್ಲ. ವೈದ್ಯಲೋಕವೂ ನಿಧಾನವಾಗಿಯೇ ಕಣ್ಣು ತೆರೆಯಿತು. ಫ್ರಾಯ್ಡ್ ಆತಂಕದ ಬೇನೆಯನ್ನು ನರದೌರ್ಬಲ್ಯದಿಂದ ಬೇರ್ಪಡಿಸಿದ್ದು 1895ರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುವ ಈ ಗಾಬರಿ ಪ್ಯಾನಿಕ್ ಡಿಸಾರ್ಡರ್ ಎಂಬ ಪ್ರತ್ಯೇಕ ಕಾಯಿಲೆಯಾದದ್ದು 1980ರಲ್ಲಿ.

ಚಿಕಿತ್ಸೆ ಊರಿನ ಹತ್ತಿರ ಬರಬೇಕೆಂಬ ವಿಚಾರ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ್ದು. ಅದನ್ನು ಜಿಲ್ಲೆಯ ಮಟ್ಟದಲ್ಲಿ ನಿಮ್ಹಾನ್ಸ್ ಪ್ರಯೋಗಿಸಿ ನೋಡಿದ್ದು ಬಳ್ಳಾರಿಯಲ್ಲಿ. ಆಮೇಲೆ ರಾಜ್ಯದ ಮನೋಚೈತನ್ಯ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಭೇಟಿಗೆ ದಾರಿ ಮಾಡಿತು. ಉಸಿರನ್ನು ನಿಧಾನಿಸುವ ಅಭ್ಯಾಸ, ಹೆದರಿ ಬಿಟ್ಟ ಜಾಗಕ್ಕೆ ಹಂತಹಂತವಾಗಿ ಮರಳುವುದು, ಬೇಕಿದ್ದರೆ ಮಾತ್ರೆ: ಇಂದಿನ ಚಿಕಿತ್ಸೆ ಇಷ್ಟರ ಮೇಲೆ ನಿಂತಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತಿದೆ.