ಎರಡು ಪಟ್ಟಿಯ ನಾಯಕ

ಹೂವಿನಹಡಗಲಿಯ ಕೇಶವಸ್ವಾಮಿ ಗುಡಿಯನ್ನು 1090ರಲ್ಲಿ ಕಟ್ಟಿಸಿದವಳು ರೆಬ್ಬಲದೇವಿ. ಆಕೆಯ ಗಂಡ ರವಿದೇವ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಊರಿಗೆ ಆಗ ಪೂವಿನ ಪಡಂಗಿಲೆ ಎಂದು ಹೆಸರಿತ್ತು. ದಂಡನಾಯಕ ಅಂದಕೂಡಲೇ ಕತ್ತಿ ಹಿಡಿದು ಕುದುರೆ ಏರಿದವನು ಕಣ್ಣಿಗೆ ಕಟ್ಟುತ್ತಾನೆ. ಆದರೆ ಆ ಕಾಲದ ಶಾಸನಗಳನ್ನು ಓದಿದರೆ ಮಂತ್ರಿ, ಸಂಧಿವಿಗ್ರಹಿ, ಸುಂಕದ ಅಧಿಕಾರಿ ಎಲ್ಲರೂ ಈ ಬಿರುದು ಹೊತ್ತವರೇ. ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣನವರನ್ನೂ ಜನ ದಣ್ಣಾಯಕ ಎಂದೇ ಕರೆದರು. ರಣರಂಗದ ಮರ್ಯಾದೆ ಅರಮನೆಯ ಮರ್ಯಾದೆಯೂ ಆಗಿತ್ತು. ಯಾರನ್ನು ಏನೆಂದು ಕರೆಯಬೇಕು ಎಂಬ ಗೊಂದಲ ಈ ಸೀಮೆಗೆ ಹೊಸದೇನಲ್ಲ.

ದಂಡನಾಯಕನ ಕೆಳಗೆ ಹೋದಂತೆ ಮಾತ್ರ ಹೆಸರುಗಳು ಖಚಿತವಾಗುತ್ತವೆ. ಕುದುರೆ ಲಾಯದ ಹೊಣೆ ಹೊತ್ತವನು ಸಾಹಣಿ. ಆನೆ ಕುದುರೆ ಎರಡೂ ಅವನ ವಶದಲ್ಲಿದ್ದರೆ ಕರಿತುರಗಸಾಹಣಿ. ಒಡೆಯನಿಗೆ ಜೀವ ಒಪ್ಪಿಸಿದ ಬಂಟ ಲೆಂಕ. ಒಡೆಯ ಸತ್ತ ದಿನವೇ ತಾನೂ ಸಾಯುವ ಮಾತು ಕೊಟ್ಟವನು ಹೊಯ್ಸಳರಲ್ಲಿ ಗರುಡ. ಇಮ್ಮಡಿ ಬಲ್ಲಾಳನಿಗೆ ಹಾಗೆ ಮಾತು ಕೊಟ್ಟವನು ಕುವರ ಲಕ್ಷ್ಮ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಅವನ ಕಂಬವಿದೆ. ತಮ್ಮ ಕೈಯಾರೆ ತಲೆ ಕತ್ತರಿಸಿಕೊಳ್ಳುತ್ತಿರುವ ಪುಟ್ಟ ಪುಟ್ಟ ಆಕೃತಿಗಳನ್ನು ಅದರ ಮೇಲೆ ಕೊರೆದಿದ್ದಾರೆ.

ಆ ಬಲ್ಲಾಳನಿಗೂ ನಮ್ಮ ಸೀಮೆಗೂ ನಂಟಿದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಪಾಂಡ್ಯ ಅರಸರ ಕೋಟೆ. ಅದನ್ನು ಗೆದ್ದ ಮೇಲೆ ಅವನ ಹೆಸರಿನ ಮುಂದೆ ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು ಕೂತವು. ಅವನಿಗಿಂತ ಮುಂಚೆ ವಿಷ್ಣುವರ್ಧನ ನೊಳಂಬವಾಡಿಗೊಂಡ ಎನಿಸಿಕೊಂಡಿದ್ದ. ಅದಕ್ಕೂ ಹಿಂದೆ ಗಂಗ ಮಾರಸಿಂಹ ಇದೇ ಬೆಟ್ಟ ಹತ್ತಿ ನೊಳಂಬಕುಲಾಂತಕನಾಗಿದ್ದ. ಒಂದೇ ಬಂಡೆಯ ಮೇಲೆ ಮೂವರು ದೊರೆಗಳ ಬಿರುದು! ದೊರೆಗಳಿಗೆ ಗೆದ್ದ ಕೋಟೆಯ ಹೆಸರು ದಕ್ಕಿದರೆ ಆಳುಗಳಿಗೆ ಹಿಡಿದ ಕೆಲಸದ ಹೆಸರೇ ಗತಿ.

ವಿಜಯನಗರದ ಕಾಲಕ್ಕೆ ಪಡೆಯ ಪಟ್ಟಿ ಇನ್ನಷ್ಟು ಉದ್ದವಾಯಿತು. ಕುದುರೆ ಏರಿದವನು ರಾಹುತ, ಆನೆಯ ಮೇಲೆ ಮಾವುತ. ನೆಲ ಪಡೆದು ಅದಕ್ಕೆ ಪ್ರತಿಯಾಗಿ ಇಷ್ಟು ಕುದುರೆ, ಇಷ್ಟು ಕಾಲಾಳು, ಇಷ್ಟು ಆನೆ ಸಾಕಬೇಕಾದವನು ಅಮರನಾಯಕ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅಂಥ ನಾಯಕರ ಪಟ್ಟಿಯನ್ನೇ ಬರೆದಿಟ್ಟಿದ್ದಾನೆ, ಯಾರು ಎಷ್ಟು ಕುದುರೆ ತರಬೇಕು ಎಂಬ ಲೆಕ್ಕದ ಸಮೇತ. ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನೂ ಸವಾರರನ್ನೂ ಸೇರಿಸಿಕೊಂಡ. ಅವರಲ್ಲೊಬ್ಬ ಅಧಿಕಾರಿ 1439ರಲ್ಲಿ ಹಂಪಿಯಲ್ಲಿ ಮಸೀದಿ ಕಟ್ಟಿಸಿ, ದೊರೆಗೆ ಪುಣ್ಯವಾಗಲೆಂದು ಕನ್ನಡದಲ್ಲಿ ಶಾಸನ ಹಾಕಿಸಿದ. ಮಸೀದಿಯನ್ನು ಅದು ಧರ್ಮಸಾಲೆ ಎನ್ನುತ್ತದೆ, ಅವನನ್ನು ಕಟಿಗೆಯ ಅಹಮುದಖಾನ ಎನ್ನುತ್ತದೆ. ಬೆತ್ತ ಹಿಡಿದು ಅರಮನೆಯಲ್ಲಿ ನಿಲ್ಲುವ ಹುದ್ದೆಯ ಹೆಸರು ಕನ್ನಡ, ಮನುಷ್ಯನ ಹೆಸರು ಅರಬ್ಬಿ. ಕಲ್ಲು ಕೊರೆದವನಿಗೆ ಇದರಲ್ಲಿ ವಿಚಿತ್ರವೇನೂ ಕಂಡಂತಿಲ್ಲ.

1565ರಲ್ಲಿ ರಕ್ಕಸಗಿ–ತಂಗಡಗಿಯ ಯುದ್ಧ ಮುಗಿದು ಹಂಪಿ ಹಾಳಾದಾಗ ಈ ಭಾಗದಲ್ಲಿ ಉಳಿದದ್ದು ನಾಯಕರೇ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಡೇಕೋಟೆ ಮತ್ತು ಜರಿಮಲೆಗಳಲ್ಲಿ ಬೇಡ ಮನೆತನಗಳು ಪಾಳೆಯ ಕಟ್ಟಿ ನಿಂತವು. 1904ರಲ್ಲಿ ಬಳ್ಳಾರಿ ಜಿಲ್ಲೆಯ ಗೆಜೆಟಿಯರ್ ಬರೆದ ಫ್ರಾನ್ಸಿಸ್, ಹರಪನಹಳ್ಳಿ ಮನೆತನದ ಮೂಲಪುರುಷ ದಾದಯ್ಯ ಬಾಗಳಿ ಮತ್ತು ನೀಲಗುಂದ ಊರುಗಳ ತಳವಾರಿಕೆಯಿಂದ ಮೇಲೆ ಬಂದವನೆಂದು ದಾಖಲಿಸುತ್ತಾನೆ. ಊರು ಕಾಯುವ ತಳವಾರ ಸೀಮೆ ಆಳುವ ನಾಯಕನಾದ. ಚಾಲುಕ್ಯರ ಕಾಲದ ಗುಡಿಗಳಿಗೆ ಹೆಸರಾದ ಆ ಎರಡು ಊರುಗಳಿಗೆ ಇದೂ ಒಂದು ಹಿರಿಮೆಯೇ.

ಪಾಳೆಗಾರನ ದಂಡಿನಲ್ಲಿ ದಳವಾಯಿ ಮುಂದಾಳು. ಅವನ ಕೆಳಗೆ ಇದ್ದವರು ಕಟ್ಟುಬಡಿ ಆಳುಗಳು. ಇವರಿಗೆ ತಿಂಗಳ ಸಂಬಳವಿಲ್ಲ. ಹೊಲ ಉಳುಮೆ ಮಾಡಿಕೊಂಡಿದ್ದು ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕು. ಕೋಟೆಯಲ್ಲಿ ಕಹಳೆ ಊದುವವನು ಬೇರೆ, ಮದ್ದು ಅರೆಯುವವನು ಬೇರೆ. ಗುಡೇಕೋಟೆಯ ಮಗಳೆಂದು ಜನ ಹೇಳುವ ಒನಕೆ ಓಬವ್ವನ ಕಥೆಯಲ್ಲಿ ಗಂಡ ಮುದ್ದಹನುಮ ಚಿತ್ರದುರ್ಗದ ಕಹಳೆಯವನು, ಕಾವಲುಗಾರ. ಶೂರಳು ಹೆಂಡತಿ, ಬುತ್ತಿ ಉಣ್ಣಲು ಹೋದ ಗಂಡನಿಗೆ ಕಥೆಯಲ್ಲಿ ಉಳಿದದ್ದು ಹುದ್ದೆಯ ಹೆಸರಷ್ಟೇ.

ಈ ನಾಯಕರು ಒಬ್ಬರಿಗೊಬ್ಬರು ನೆಂಟರೂ ಹೌದು, ಹಗೆಗಳೂ ಹೌದು. 1748ರ ಮಾಯಕೊಂಡದ ಕಾಳಗದಲ್ಲಿ ಆನೆಯ ಮೇಲಿದ್ದ ಚಿತ್ರದುರ್ಗದ ಮದಕರಿನಾಯಕನನ್ನು ಸುತ್ತುವರಿದು ಕೊಂದವನು ಹರಪನಹಳ್ಳಿಯ ಸೋಮಶೇಖರ ನಾಯಕ. ಕೊಂದವನೂ ನಾಯಕ, ಸತ್ತವನೂ ನಾಯಕ. ಆಗ ಆ ಮಾತಿಗೆ ದೊರೆ ಎಂಬುದೇ ಅರ್ಥ.

ಹೈದರ್ ಮತ್ತು ಟಿಪ್ಪು ಕಾಲಕ್ಕೆ ಪಡೆಯ ಮಾತು ಪಾರಸಿಗೆ ಹೊರಳಿತು. ಟಿಪ್ಪುವಿನ ಕಾಲಾಳು ಪಡೆಯಲ್ಲಿ ಕುಶೂನ್ ಎಂಬ ದೊಡ್ಡ ತುಕಡಿಗೆ ಸಿಪಾಹದಾರ, ಅದರೊಳಗಿನ ರಿಸಾಲೆಗೆ ರಿಸಾಲದಾರ, ಅದಕ್ಕೂ ಚಿಕ್ಕದಾದ ಜೌಕಿಗೆ ಜೌಕದಾರ. ಬಾಣ, ಅಂದರೆ ಕಬ್ಬಿಣದ ಕೊಳವೆಯ ರಾಕೆಟ್, ಹಾರಿಸುವವರ ಗುಂಪೇ ಬೇರೆ. ಇತ್ತ ಮರಾಠರ ಸವಾರರಲ್ಲಿ ಎರಡು ಬಗೆ. ಸ್ವಂತ ಕುದುರೆ ತಂದವನು ಶಿಲೇದಾರ. ಸರ್ಕಾರದ ಕುದುರೆ ಏರಿದವನು ಬಾರಗೀರ. ಸಂಬಳವೂ ಬೇರೆ, ಗತ್ತೂ ಬೇರೆ. ಕುದುರೆ ಸತ್ತರೆ ಶಿಲೇದಾರ ದಿವಾಳಿ, ಬಾರಗೀರನಿಗೆ ಇನ್ನೊಂದು ಕುದುರೆ. ಶಿಲೇದಾರನನ್ನು ಬಾರಗೀರ ಎಂದು ಕರೆದವನಿಗೆ ಏನು ಕಾದಿರುತ್ತಿತ್ತೋ ಊಹಿಸಿಕೊಳ್ಳಬಹುದು.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಕಂಡದ್ದು ಸುಮಾರು 80 ಪಾಳೆಗಾರರನ್ನು, ಅವರ ಬೆನ್ನಿಗಿದ್ದ ಸಾವಿರಾರು ಆಯುಧದ ಆಳುಗಳನ್ನು. 1807ರಲ್ಲಿ ಅವನು ಹೊರಡುವ ಹೊತ್ತಿಗೆ ಪಾಳೆಗಾರರ ದಂಡಿನ ಕಾಲ ಮುಗಿದಿತ್ತು.

ಅದೇ 1800ರಲ್ಲಿ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನು ಹತ್ತಿದ್ದ. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ವೆಲ್ಲೆಸ್ಲಿಯ ದಂಡಿಗೆ ಅಕ್ಕಿ ಜೋಳ ಹೊತ್ತವು ಬಂಜಾರರ, ಅಂದರೆ ಲಂಬಾಣಿಗಳ ಎತ್ತುಗಳು. ಅವರ ತಂಡಗಳ ಮುಖಂಡನೂ ನಾಯ್ಕನೇ. ಅವನು ಒಪ್ಪದೆ ಎತ್ತು ಕದಲದು, ಎತ್ತು ಕದಲದೆ ದಂಡು ಕದಲದು. ಇಂದಿಗೂ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ನಾಯ್ಕ, ಕಾರಭಾರಿ, ಡಾವೋ ಎಂಬ ಹಿರೀಕರ ಸ್ಥಾನಗಳಿವೆ. ದಂಡಿಗೆ ಅನ್ನ ಸಾಗಿಸಿದವರ ಕಥೆ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಪುಟಕ್ಕೂ ಮೀರುವುದಿಲ್ಲ, ಅದು ಅನ್ಯಾಯ.

ಕಂಪನಿಯ ಪಲ್ಟಣದಲ್ಲಿ ಆದ ಬದಲಾವಣೆ ಪಾಳೆಗಾರರ ದಂಡನ್ನು ಮುಗಿಸಿದ್ದಕ್ಕಿಂತ ಜಾಣತನದ್ದು. ಅಲ್ಲಿ ಹಳೆಯ ಹೆಸರುಗಳನ್ನು ತೆಗೆದುಹಾಕಲಿಲ್ಲ. ಒಂದೊಂದನ್ನೂ ಹಲವು ಮೆಟ್ಟಿಲು ಕೆಳಗಿಳಿಸಿದರು. ಮೊಗಲರಲ್ಲಿ ಸುಬೇದಾರ ಎಂದರೆ ಒಂದು ಪ್ರಾಂತ್ಯವನ್ನು ಆಳುವವನು. ಮರಾಠರಲ್ಲಿ ಹವಾಲ್ದಾರ ಎಂದರೆ ಕೋಟೆಯ ಮುಖ್ಯಸ್ಥ. ನಾಯಕ ಎಂದರೇನೆಂದು ಹರಪನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪನಿಯಲ್ಲಿ ಸುಬೇದಾರ ನಿನ್ನೆ ಬಂದ ಬಿಳಿ ಹುಡುಗನಿಗೂ ಸಲಾಮು ಹೊಡೆಯಬೇಕಾದವನು. ಹವಾಲ್ದಾರ ತೋಳಿನ ಮೇಲೆ ಮೂರು ಪಟ್ಟಿಯವನು, ನಾಯಕ್ ಎರಡು ಪಟ್ಟಿಯವನು. ಅವನ ಕೆಳಗೆ ಒಂದು ಪಟ್ಟಿಯ ಲಾನ್ಸ್ ನಾಯಕ್, ಅವನ ಕೆಳಗೆ ಸಿಪಾಯಿ. ಲೆಫ್ಟಿನೆಂಟಿನಿಂದ ಮೇಲಿನ ಹೆಸರುಗಳೆಲ್ಲ ಇಂಗ್ಲಿಷ್, ಹುದ್ದೆಗಳೆಲ್ಲ ಬಿಳಿಯರಿಗೆ. ನಾಡಿನ ಹೆಸರಿಗೆ ನಾಡಿನಲ್ಲೇ ಸೂರು ತಗ್ಗಿತು.

ಆದರೂ ಒಂದು ಮರ್ಯಾದೆ ಉಳಿಯಿತು. ಸುಬೇದಾರನನ್ನು ಬರಿಯ ಹೆಸರು ಹಿಡಿದು ಕೂಗುವಂತಿಲ್ಲ. ಸಿಪಾಯಿಯಿರಲಿ, ಕರ್ನಲನೇ ಇರಲಿ, ಸುಬೇದಾರ್ ಸಾಬ್ ಎನ್ನಬೇಕು. ಇಂದಿನ ಭೂಸೇನೆಯಲ್ಲೂ ಈ ರಿವಾಜು ಹಾಗೇ ಇದೆ. ಸುಬೇದಾರನ ಹೆಗಲ ಮೇಲೂ ಲೆಫ್ಟಿನೆಂಟನ ಹೆಗಲ ಮೇಲೂ ಎರಡೆರಡು ನಕ್ಷತ್ರ. ಸುಬೇದಾರನದ್ದರ ಜೊತೆ ಒಂದು ಬಣ್ಣದ ಪಟ್ಟಿ ಇರುತ್ತದೆ. ಗೊತ್ತಿಲ್ಲದವರು ಎಡವುವುದು ಅಲ್ಲೇ. ಜಮಾದಾರ ಎಂಬ ಹುದ್ದೆಯ ಹೆಸರನ್ನು ಮಾತ್ರ 1965ರಲ್ಲಿ ಬಿಟ್ಟು ನಾಯಬ್ ಸುಬೇದಾರ್ ಎಂದು ಮಾಡಿದರು.

ಪಡೆಯಿಂದ ಪಡೆಗೆ ಹೆಸರು ಬದಲಾಗುವುದೂ ಹಳೆಯ ಚಾಳಿಯ ಮುಂದುವರಿಕೆಯೇ. ಕಾಲಾಳು ಪಡೆಯಲ್ಲಿ ಸಿಪಾಯಿ ಎನಿಸಿಕೊಳ್ಳುವವನು ಟ್ಯಾಂಕಿನ ರೆಜಿಮೆಂಟಿನಲ್ಲಿ ಸವಾರ್. ಕುದುರೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಇಳಿದಿಲ್ಲ. ಅಲ್ಲಿ ಹವಾಲ್ದಾರ ದಫೇದಾರನಾಗುತ್ತಾನೆ, ಸುಬೇದಾರ ರಿಸಾಲದಾರನಾಗುತ್ತಾನೆ. ಟಿಪ್ಪುವಿನ ಕಾಲಾಳುಗಳ ರಿಸಾಲದಾರ ಹೀಗೆ ಸವಾರರ ಪಾಲಾದ. ಫಿರಂಗಿ ದಳದಲ್ಲಿ ಗನ್ನರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮ್ಯಾನ್, ವಾಹನ ಆಯುಧ ರಿಪೇರಿ ಮಾಡುವ ದಳದಲ್ಲಿ ಕ್ರಾಫ್ಟ್ಸ್‌ಮನ್. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಸ್ಯಾಪರ್. ಅಲ್ಲಿಯವರಿಗೆ ಇನ್ನೊಂದು ಅಕ್ಕರೆಯ ಹೆಸರಿದೆ, ತಂಬಿ. ಕನ್ನಡದ ಹುಡುಗನೂ ಅಲ್ಲಿ ತಂಬಿಯೇ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಹಳೇ ಮೈಸೂರಿನವರು ಮಹಾರಾಜರ ಲ್ಯಾನ್ಸರ್ಸ್ ನೆನೆದರೆ, ತುಂಗಭದ್ರೆಯ ಈ ದಂಡೆಯ ತಾಲ್ಲೂಕುಗಳಿಗೆ ಹತ್ತಿರವಿದ್ದದ್ದು ಮದ್ರಾಸಿನ ಸೈನ್ಯ.

ನೌಕಾಪಡೆ, ವಾಯುಪಡೆಗಳಲ್ಲಿ ಸುಬೇದಾರನೂ ಇಲ್ಲ, ಹವಾಲ್ದಾರನೂ ಇಲ್ಲ. ವಾಯುಪಡೆ ಹುಟ್ಟಿದ್ದೇ 1932ರ ಅಕ್ಟೋಬರ್ 8ರಂದು. ಅದು ಬ್ರಿಟನ್ನಿನ ವಾಯುಪಡೆಯ ಅಚ್ಚು. ಅಲ್ಲಿ ಕಾರ್ಪೊರಲ್, ಸಾರ್ಜೆಂಟ್, ವಾರಂಟ್ ಆಫೀಸರ್. ನೌಕಾಪಡೆಯಲ್ಲಿ ಪೆಟಿ ಆಫೀಸರ್. ಅತಿ ಹೆಚ್ಚು ಎಡವಟ್ಟಾಗುವುದು ಕ್ಯಾಪ್ಟನ್ ವಿಷಯದಲ್ಲಿ. ಭೂಸೇನೆಯ ಕ್ಯಾಪ್ಟನ್ ಮೂರು ನಕ್ಷತ್ರದ ಎಳೆಯ ಅಧಿಕಾರಿ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲನಿಗೆ ಸಮ, ಯುದ್ಧನೌಕೆಯನ್ನೇ ನಡೆಸಬಲ್ಲವನು. ಸಭೆಯಲ್ಲಿ ಇಬ್ಬರಿಗೂ ಒಂದೇ ಸಾಲಿನ ಕುರ್ಚಿ ಹಾಕಿದರೆ ಒಬ್ಬನಿಗೆ ಮುಜುಗರ, ಇನ್ನೊಬ್ಬನಿಗೆ ಅವಮಾನ.

ಊರುಗಳಲ್ಲಿ ಈ ಯಾವ ರಗಳೆಯೂ ಇಲ್ಲ. ಕೊಟ್ಟೂರಿನಲ್ಲಾಗಲಿ ಹಗರಿಬೊಮ್ಮನಹಳ್ಳಿಯಲ್ಲಾಗಲಿ ರಜೆಗೆ ಬಂದವನು ಹಡಗಿನವನಿರಲಿ, ವಿಮಾನದ ಮೆಕ್ಯಾನಿಕ್ ಇರಲಿ, ಸಿಆರ್‌ಪಿಎಫ್ ಕಾನ್‌ಸ್ಟೇಬಲ್ ಇರಲಿ, ಅವನು ಮಿಲ್ಟ್ರಿಯವನು. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಅಡಿಯ ಪೊಲೀಸ್ ಪಡೆಗಳು ಎಂಬುದು ಮಿಲ್ಟ್ರಿ ಮಾಮ ಎಂದು ಕರೆಯುವ ಹುಡುಗರಿಗೆ ಬೇಕಾಗಿಯೂ ಇಲ್ಲ. ಪ್ರೀತಿಯ ಕರೆ, ಅದಕ್ಕೆ ಅಡ್ಡಿಯಿಲ್ಲ. ದಂಡಿನ ಹಳೆಯ ಗತ್ತು ಕೇಳಬೇಕಿದ್ದರೆ ಭಾರತ ಹುಣ್ಣಿಮೆಯ ನಂತರ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಡೆಂಕಣಮರಡಿಯಲ್ಲಿ ಏಳುಕೋಟಿ ಎಂದು ಕೂಗುತ್ತಿರುವ ಜನಸಾಗರದ ನಡುವೆ ಗೊರವಯ್ಯ ಎತ್ತರದ ಬಿಲ್ಲು ಏರಿ ಸದ್ದಲೇ ಎನ್ನುತ್ತಾನೆ. ಅಷ್ಟು ಜನವೂ ಗಪ್‌ಚಿಪ್. ಆಮೇಲೇ ಕಾರ್ಣಿಕ, ಅಂದರೆ ಭವಿಷ್ಯದ ನುಡಿ. ಯಾವ ಸೇನಾ ಜನರಲ್‌ಗೂ ಒಂದೇ ಮಾತಿಗೆ ಅಷ್ಟು ಶಿಸ್ತು ಸಿಕ್ಕಿರಲಿಕ್ಕಿಲ್ಲ.

ಆದರೆ ಅಚ್ಚಾಗುವ ಕಡೆ, ಅಂದರೆ ಲಗ್ನಪತ್ರಿಕೆ, ಸನ್ಮಾನದ ಫ್ಲೆಕ್ಸ್, ಶಾಲೆಯ ಆಹ್ವಾನ ಪತ್ರ, ಇಂಥಲ್ಲಿ ಸ್ವಲ್ಪ ಎಚ್ಚರ ಬೇಕು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಎರಡು ಪಟ್ಟಿಯ ನಾಯಕ್‌ಗೆ ಇನ್ನೊಂದು ತೊಡಕಿದೆ: ವಾಲ್ಮೀಕಿ ನಾಯಕರೂ ಇಲ್ಲಿದ್ದಾರೆ, ತಾಂಡಾದ ನಾಯ್ಕರೂ ಇದ್ದಾರೆ. ಹೆಸರಿನ ಹಿಂದೆ ನಾಯಕ್ ಎಂದಷ್ಟೇ ಹಾಕಿದರೆ ಓದುವವರು ಹುದ್ದೆಯನ್ನು ಜಾತಿಯೆಂದೇ ತಿಳಿಯುತ್ತಾರೆ. ಸೇನೆಯ ಕ್ರಮದಲ್ಲಿ ಹುದ್ದೆ ಮೊದಲು, ಹೆಸರು ಆಮೇಲೆ, ನಿವೃತ್ತ ಎಂಬುದು ಕೊನೆಗೆ. ನಿವೃತ್ತನಾಗುವುದು ಮನುಷ್ಯ, ಹುದ್ದೆಯಲ್ಲ ಎಂಬುದು ಅವರ ವಾದ. ಮುಂದಿನ ಸಲ ಕಾರ್ಡು ಅಚ್ಚಿಗೆ ಕೊಡುವ ಮುನ್ನ ಆ ಮನೆಗೆ ಒಂದು ಫೋನು ಮಾಡಿ, ಯಾವ ಪಡೆ, ಯಾವ ಹುದ್ದೆ ಎಂದು ಕೇಳಿ ಬರೆದುಕೊಳ್ಳಿ.